ಶೈಕ್ಷಣಿಕ ಪ್ರಬಂಧವನ್ನು ಬರೆಯುವ ಬಗೆ

ಆಸ್ಟ್ರೇಲಿಯಾದಲ್ಲಿ ಓದುವ ವಿದ್ಯಾರ್ಥಿಗೆ ಪ್ರಬಂಧರಚನೆ ತಪ್ಪಿದ್ದಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನ ಎಚ್‌ಎಸ್‌ಸಿಯಲ್ಲಿ ಎಲ್ಲರಿಗೂ ಕಡ್ಡಾಯವಾದ ವಿಷಯ ಇಂಗ್ಲಿಷ್ ಒಂದೇ. ಮೆಲ್ಬರ್ನ್ ಇರುವ ವಿಕ್ಟೋರಿಯಾದ ವಿಸಿಇ ಇಂಗ್ಲಿಷ್ ಪರೀಕ್ಷೆ 3 ಗಂಟೆಗಳ ಬರವಣಿಗೆ. ವಿಶ್ವವಿದ್ಯಾಲಯವನ್ನು ಸೇರಿದ ಮೇಲೆ ಪ್ರಬಂಧದ ಪಾತ್ರ ಇನ್ನೂ ಹಿರಿದು.

ಕರ್ನಾಟಕದಲ್ಲಿ ವೈದ್ಯಕೀಯ ಪದವಿ ಪಡೆದು, ಮೆಲ್ಬರ್ನಿನಲ್ಲಿ ಸಾರ್ವಜನಿಕ ಆರೋಗ್ಯದ ವ್ಯಾಸಂಗಕ್ಕೆ ಸೇರಿದಾಗ ನಾನು ಬರೆದ ಮೊದಲ ಪ್ರಬಂಧ ಅನುತ್ತೀರ್ಣವಾಯಿತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಶಾಲಾದಿನಗಳ ಕ್ರಮವನ್ನು ತಪ್ಪದೆ ಪಾಲಿಸಿದ್ದೆ, ಮಾಹಿತಿಗೂ ಕೊರತೆಯಿರಲಿಲ್ಲ. ಇಲ್ಲದಿದ್ದದ್ದು ನನ್ನ ವಾದ. ಜೊತೆಗೆ, ಪಠ್ಯಪುಸ್ತಕದ ಮೂರು ವಾಕ್ಯಗಳನ್ನು ಮೂಲವನ್ನು ಹೇಳದೆ ಹಾಗೆಯೇ ಇಳಿಸಿದ್ದೆ. ಬಾಯಿಪಾಠವನ್ನೇ ವಿದ್ವತ್ತೆಂದು ನಂಬಿದ್ದ ನನಗೆ ಅದು ಕೃತಿಚೌರ್ಯವೆಂದು ತಿಳಿದಾಗ ತಲೆತಗ್ಗಿಸುವಂತಾಯಿತು. ಅಂದು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಪ್ರಶ್ನೆಯ ಪರೀಕ್ಷೆ. ರೋಗಿಯ ಮಾತನ್ನು ಪೂರ್ತಿ ಕೇಳದೆ ಔಷಧ ಬರೆಯುವುದು ಹೇಗೆ ತಪ್ಪೋ, ಪ್ರಶ್ನೆಯ ಕ್ರಿಯಾಪದವನ್ನು ಗಮನಿಸದೆ ಉತ್ತರಿಸುವುದೂ ಹಾಗೆಯೇ ತಪ್ಪು. ‘ವರ್ಣಿಸಿ’ ಎಂದರೆ ಲಕ್ಷಣಗಳನ್ನು ಹೇಳಬೇಕು. ‘ವಿವರಿಸಿ’ ಎಂದರೆ ಕಾರ್ಯಕಾರಣ ಸಂಬಂಧವನ್ನು ತೋರಿಸಬೇಕು. ‘ಚರ್ಚಿಸಿ’ ಎಂದರೆ ಪರ ವಿರೋಧಗಳೆರಡನ್ನೂ ಮಂಡಿಸಬೇಕು. ‘ಮೌಲ್ಯಮಾಪನ ಮಾಡಿ’ ಎಂದರೆ ಮಾನದಂಡವನ್ನಿಟ್ಟುಕೊಂಡು ತೀರ್ಪು ಕೊಡಬೇಕು. ನ್ಯೂ ಸೌತ್ ವೇಲ್ಸ್‌ನ ಶಿಕ್ಷಣ ಮಂಡಳಿ ಇಂತಹ ಪದಗಳ ಅರ್ಥಕೋಶವನ್ನೇ ಪ್ರಕಟಿಸಿದೆ.

ಎರಡನೆಯದು, ಪ್ರತಿಜ್ಞೆ. ಇಡೀ ಪ್ರಬಂಧ ಏನನ್ನು ಸಾಧಿಸಲು ಹೊರಟಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ಇಲ್ಲಿಯ ಶಾಲೆಗಳಲ್ಲಿ ಪ್ರತಿ ಪರಿಚ್ಛೇದಕ್ಕೆ ‘ಟೀಲ್’ ಎಂಬ ಸೂತ್ರವನ್ನು ಕಲಿಸುತ್ತಾರೆ: ಮುಖ್ಯವಾಕ್ಯ, ವಿವರಣೆ, ಆಧಾರ, ಕೊಂಡಿ. ನಮ್ಮವರಿಗೆ ಇದು ಹೊಸತಲ್ಲ. ನ್ಯಾಯದರ್ಶನದ ಐದು ಅವಯವಗಳನ್ನು ನೆನೆಯಿರಿ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿದೆ ಎಂಬುದು ಹೇತು. ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂತಹ ಹೊಗೆಯಿದೆ ಎಂಬುದು ಉಪನಯ. ಆದ್ದರಿಂದ ಬೆಂಕಿಯಿದೆ ಎಂಬುದು ನಿಗಮನ. ಹೇತುವಿಲ್ಲದ ಪರಿಚ್ಛೇದ ಬರಿಯ ಅಭಿಪ್ರಾಯ. ನಿಗಮನವಿಲ್ಲದ್ದು ಬರಿಯ ಮಾಹಿತಿ.

ಮೂರನೆಯದು, ಪೂರ್ವಪಕ್ಷ. ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಹೇಳಿ, ಅನಂತರ ಉತ್ತರಿಸಬೇಕು. ಜ್ವರವೆಂದೊಡನೆ ಒಂದೇ ರೋಗವನ್ನು ಹೆಸರಿಸದೆ, ಉಳಿದ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕುವುದು ವೈದ್ಯರ ರೀತಿ. ಪ್ರಬಂಧಕ್ಕೂ ಅದೇ ಶೋಭೆ.

ನಾಲ್ಕನೆಯದು, ಋಣಸ್ವೀಕಾರ. ಓದುವಾಗಲೇ ಗ್ರಂಥ, ವರ್ಷ, ಪುಟ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಬೇಕು. ಪುಸ್ತಕವನ್ನು ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಟಿಪ್ಪಣಿ ಬರೆಯಬೇಕು. ಮಾತನ್ನು ಬದಲಿಸಿದರೂ ವಿಚಾರ ಇನ್ನೊಬ್ಬರದಾದರೆ ಮೂಲವನ್ನು ಹೇಳಲೇಬೇಕು. ಇತರರಿಂದ ಬರೆಸಿ ತಮ್ಮದೆಂದು ಒಪ್ಪಿಸುವವರನ್ನು ವಿಶ್ವವಿದ್ಯಾಲಯಗಳು ಶಿಕ್ಷಿಸುತ್ತವೆ. ಉನ್ನತ ಶಿಕ್ಷಣದಲ್ಲಿ ಹಾಗೆ ಬರೆದುಕೊಡುವ ಸೇವೆಯನ್ನು ಒದಗಿಸುವುದೂ ಅದರ ಜಾಹೀರಾತು ಮಾಡುವುದೂ 2020ರ ಕಾಯಿದೆಯಂತೆ ಆಸ್ಟ್ರೇಲಿಯಾದಲ್ಲಿ ಅಪರಾಧ. ವಿದ್ಯಾರ್ಥಿ ವೀಸಾದ ಮೇಲೆ ಬಂದವರಿಗೆ ಇಲ್ಲಿ ಪಣಕ್ಕಿರುವುದು ಕೇವಲ ಅಂಕಗಳಲ್ಲ.

ಕೊನೆಯದಾಗಿ, ತಂದೆತಾಯಿಯರಿಗೆ ಒಂದು ಮಾತು. ಮಕ್ಕಳ ಪ್ರಬಂಧವನ್ನು ನೀವೇ ತಿದ್ದಬೇಡಿ. ರಾತ್ರಿ ಊಟಕ್ಕೆ ಕುಳಿತಾಗ, ‘ನೀನು ಇದರಲ್ಲಿ ಏನು ಹೇಳುತ್ತಿದ್ದೀಯೆ? ಯಾಕೆ ಹಾಗೆ?’ ಎಂದು ಕನ್ನಡದಲ್ಲಿ ಕೇಳಿರಿ. ಕಂಠಪಾಠವಾದ ಇಂಗ್ಲಿಷ್ ವಾಕ್ಯಗಳ ಆಸರೆ ಅಲ್ಲಿ ಸಿಗದು. ಅರ್ಥವಾದದ್ದಷ್ಟೇ ಬಾಯಿಗೆ ಬರುತ್ತದೆ. ತನ್ನ ವಾದವನ್ನು ಎರಡು ವಾಕ್ಯಗಳಲ್ಲಿ ಅಜ್ಜಿಗೆ ತಿಳಿಯುವಂತೆ ಹೇಳಬಲ್ಲ ವಿದ್ಯಾರ್ಥಿ ಪ್ರಬಂಧದ ಅರ್ಧವನ್ನು ಬರೆದು ಮುಗಿಸಿದಂತೆಯೇ.