ರೂಪ ಬದಲಿಸುವ ರೋಬೋ ಆಟಿಕೆಗಳ ಮರುಬಣ್ಣ: ಒಂದು ಹವ್ಯಾಸದ ಇತಿಹಾಸ

ಕಾರು, ವಿಮಾನ ಅಥವಾ ಪ್ರಾಣಿಯ ರೂಪದಿಂದ ರೋಬೋ ಆಗಿ ಬಿಚ್ಚಿಕೊಳ್ಳುವ ಆಟಿಕೆಗಳನ್ನು ಕಳಚಿ, ಬೇರೆ ಬಣ್ಣ ಹಚ್ಚಿ, ಬೇಕೆನಿಸಿದರೆ ತಲೆ ತೋಳುಗಳನ್ನೂ ಬದಲಿಸಿ ಹೊಸ ಪಾತ್ರವಾಗಿ ಮಾಡಿಕೊಳ್ಳುವ ಹವ್ಯಾಸ. ಇದು ಬೆಳೆದದ್ದು ಮುಖ್ಯವಾಗಿ ಜಪಾನಿನ ಟಕಾರಾ ಮತ್ತು ಅಮೆರಿಕದ ಹ್ಯಾಸ್ಬ್ರೋ ಕಂಪನಿಗಳ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಸುತ್ತ. ಹೀಗೆ ತಯಾರಾದ ಆಟಿಕೆಯನ್ನು ಹವ್ಯಾಸಿಗಳು ‘ಕಸ್ಟಮ್’ ಎನ್ನುತ್ತಾರೆ. ಎರಡು ಮೂರು ಆಟಿಕೆಗಳ ಭಾಗಗಳನ್ನು ಬೆಸೆದದ್ದು ‘ಕಿಟ್‌ಬ್ಯಾಶ್’.

ಹವ್ಯಾಸಿಗಳಿಗಿಂತ ಮೊದಲೇ ಈ ಆಟಿಕೆಗಳಿಗೆ ಮರುಬಣ್ಣ ಬಳಿದದ್ದು ಕಂಪನಿಯೇ. ಟಕಾರಾ 1980ರಲ್ಲಿ ಡಯಾಕ್ಲೋನ್ ಎಂಬ ಸರಣಿಯನ್ನೂ 1983ರಲ್ಲಿ ಮೈಕ್ರೋ ಚೇಂಜ್ ಎಂಬುದನ್ನೂ ತಂದಿತ್ತು. ಹ್ಯಾಸ್ಬ್ರೋ ಈ ಎರಡರ ಅಚ್ಚುಗಳನ್ನು ಒಟ್ಟುಗೂಡಿಸಿ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರಿತು. ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕ ಬಾಬ್ ಬುಡಿಯಾನ್‌ಸ್ಕಿ ಅವುಗಳಲ್ಲಿ ಹೆಚ್ಚಿನವಕ್ಕೆ ಹೆಸರು, ಸ್ವಭಾವ, ಹಗೆತನಗಳನ್ನು ಬರೆದುಕೊಟ್ಟ. ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂವರೂ ಒಂದೇ ಜೆಟ್ ವಿಮಾನದ ಅಚ್ಚಿನವರು: ಒಬ್ಬ ಬೂದು, ಒಬ್ಬ ನೀಲಿ, ಒಬ್ಬ ಕಪ್ಪು. ಯಕ್ಷಗಾನದ ಚೌಕಿಯಲ್ಲಿ ಮುಖವರ್ಣಿಕೆ ಬದಲಾದರೆ ಅದೇ ಕಲಾವಿದ ಬೇರೆ ವೇಷವಾಗಿ ರಂಗಕ್ಕೆ ಬರುವ ಹಾಗೆ, ಇಲ್ಲಿ ಬಣ್ಣವೊಂದು ಬದಲಾದರೆ ಸ್ವಭಾವವೇ ಬೇರೆ. ಇದನ್ನು ಎಂಟನೆಯ ವಯಸ್ಸಿನಲ್ಲೇ ಕಂಡುಕೊಂಡ ಮಕ್ಕಳು ಮುಂದೆ ಕುಂಚ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಅವರನ್ನು ಕುಂಚದತ್ತ ನೂಕಿದ್ದು ಟಿವಿಯ ಕಾರ್ಟೂನಿಗೂ ಕೈಯಲ್ಲಿನ ಆಟಿಕೆಗೂ ಇದ್ದ ಅಂತರ. ಇದಕ್ಕೆ ಐರನ್‌ಹೈಡ್ ಮತ್ತು ರ್‍ಯಾಚೆಟ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಎರಡೂ ಒಂದೇ ವ್ಯಾನಿನ ಅಚ್ಚು. ಕೆಂಪಾದರೆ ಐರನ್‌ಹೈಡ್, ಬಿಳಿಯ ಆಂಬ್ಯುಲೆನ್ಸ್ ಆದರೆ ರ್‍ಯಾಚೆಟ್. ಕಾರ್ಟೂನಿನಲ್ಲಿ ಇಬ್ಬರಿಗೂ ಚೆಂದದ ತಲೆಯಿದೆ. ಆಟಿಕೆಗೆ ತಲೆಯೇ ಇಲ್ಲ! ವಿಂಡ್‌ಶೀಲ್ಡ್ ಹಿಂದಿನ ಪುಟ್ಟ ಸೀಟಿಗೆ ಮುಖದ ಚಿತ್ರವಿರುವ ಸ್ಟಿಕ್ಕರ್ ಅಂಟಿಸಿದರೆ ಅದೇ ತಲೆ. ಡಯಾಕ್ಲೋನ್ ರೋಬೋಗಳು ಜೀವಿಗಳಲ್ಲ, ಯಂತ್ರಗಳು. ಕಾಲಿಗೆ ಅಯಸ್ಕಾಂತವಿದ್ದ ಬೆರಳುದ್ದದ ಚಾಲಕ ಕೂರುತ್ತಿದ್ದ ಜಾಗವದು. ಚಾಲಕ ಹೋದ, ಸೀಟು ಉಳಿಯಿತು. ಆ ಸೀಟಿನ ಮೇಲೆ ಎಪಾಕ್ಸಿ ಪುಟ್ಟಿಯಲ್ಲಿ ತಲೆ ತಿದ್ದಿ ಕೂರಿಸುವುದು ಅನೇಕ ಹವ್ಯಾಸಿಗಳು ಕೈಗೆತ್ತಿಕೊಂಡ ಕೆಲಸ.

ಬ್ಲೂಸ್ಟ್ರೀಕ್‌ನದು ಇನ್ನೊಂದು ಕತೆ. ಹೆಸರಿನಲ್ಲೇ ನೀಲಿಯಿದೆ, ಆರಂಭದ ಕ್ಯಾಟಲಾಗಿನ ಚಿತ್ರದಲ್ಲೂ ನೀಲಿಯಿದೆ. ಅಂಗಡಿಯಲ್ಲಿ ಸಿಕ್ಕಿದ್ದು ಬೂದುಬಣ್ಣದ ಕಾರು. ನೀಲಿಯದು ಅಮೆರಿಕದಲ್ಲಿ ಮಾರಾಟವಾಗಿತ್ತೇ ಎಂಬ ಜಗಳ ಸಂಗ್ರಾಹಕರಲ್ಲಿ ದಶಕಗಟ್ಟಲೆ ನಡೆದಿದೆ. ಹವ್ಯಾಸಿ ತನಗೆಂದು ಹಚ್ಚಿದ ನೀಲಿಗೂ ಮೋಸಕ್ಕೆಂದು ಹಚ್ಚಿದ ನೀಲಿಗೂ ಡಬ್ಬಿ ಒಂದೇ. ಮಾರುವಾಗ ನಿಜ ಹೇಳಿದರೆ ಕಸ್ಟಮ್, ಹೇಳದಿದ್ದರೆ ನಕಲಿ.

1990ರ ದಶಕ ಬರುವಷ್ಟರಲ್ಲಿ, ಈ ಆಟಿಕೆಗಳೊಡನೆ ಆಡಿ ಬೆಳೆದ ಮಕ್ಕಳು ಸಂಪಾದಿಸತೊಡಗಿದರು. 1994ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಬಾಟ್‌ಕಾನ್ ಎಂಬ ಅಭಿಮಾನಿಗಳ ಮೊದಲ ಸಮಾವೇಶ ನಡೆಯಿತು. ಅದರ ವಿಶೇಷ ಆಟಿಕೆಯೂ ಒಂದು ಮರುಬಣ್ಣವೇ: ಹೊಸ ಬಣ್ಣದ ಬ್ರೇಕ್‌ಡೌನ್. ಮುಂದಿನ ವರ್ಷಗಳ ಸಮಾವೇಶಗಳಲ್ಲಿ ಬಣ್ಣ ಹಚ್ಚುವುದನ್ನು ಕಲಿಸುವ ತರಗತಿಗಳೂ ಸೇರಿಕೊಂಡವು. 1996ರ ಬೀಸ್ಟ್ ವಾರ್ಸ್ ಸರಣಿ ಗುಂಡುಕೀಲುಗಳನ್ನು (ಬಾಲ್ ಜಾಯಿಂಟ್) ಧಾರಾಳವಾಗಿ ತಂದಿತು. ಹಳೆಯ ಆಟಿಕೆಯ ಲೋಹದ ಪಿನ್ನನ್ನು ಮೊಳೆಯಿಟ್ಟು ಕುಟ್ಟಿ ಹೊರದಬ್ಬಬೇಕಿತ್ತು. ಗುಂಡುಕೀಲು ಎಳೆದರೆ ‘ಟಕ್’ ಎಂದು ಬಂತು, ಅಲ್ಲಿಗೆ ಇನ್ನೊಂದರ ತೋಳು ಕೂತಿತು.

ನಿಶ್ಚಲ ಮಾದರಿಗಳಿಗೆ ಬಣ್ಣ ಬಳಿಯುವವರಿಗಿಲ್ಲದ ತಾಪತ್ರಯವೊಂದು ಇಲ್ಲಿದೆ: ಈ ವಸ್ತು ಮಡಚಿಕೊಳ್ಳುತ್ತದೆ. ಭುಜದ ಕೀಲನ್ನೇ ನೋಡಿ. ಎರಡು ಪ್ಲಾಸ್ಟಿಕ್ ಗೋಡೆಗಳ ನಡುವೆ ಕಾಗದದಷ್ಟು ಜಾಗ. ಪ್ರೈಮರ್ ಒಂದು ಕೋಟ್, ಬಣ್ಣ ಎರಡು, ಮೇಲೆ ರಕ್ಷಣೆಗೆ ವಾರ್ನಿಷ್ ಒಂದು. ಅಷ್ಟಾಗುವಾಗ ಆ ಜಾಗ ಮುಗಿದಿರುತ್ತದೆ. ತೋಳನ್ನು ಮೊದಲ ಸಲ ಎತ್ತಿದಾಗ ಕರಕರ ಸದ್ದು, ಎರಡನೆಯ ಸಲಕ್ಕೆ ಹೊಸ ಬಣ್ಣದ ಅಂಚು ಸಿಪ್ಪೆಯಂತೆ ಸುರುಳಿ. ಹಾಗಾಗಿ ಬಲ್ಲವರು ಉಜ್ಜುವ ಮೈಯನ್ನು ಸ್ಯಾಂಡ್‌ಪೇಪರಿನಿಂದ ಬಣ್ಣದ ದಪ್ಪದಷ್ಟು ಮೊದಲೇ ತೆಳುಮಾಡುತ್ತಾರೆ, ಇಲ್ಲವೇ ಕಣ್ಣಿಗೆ ಬೀಳದ ಒಳಮೈಯನ್ನು ಬಣ್ಣವಿಲ್ಲದೆ ಬಿಡುತ್ತಾರೆ. ಇನ್ನು ಕೆಲವರು ಬಳಿಯುವುದೇ ಇಲ್ಲ, ಪ್ಲಾಸ್ಟಿಕ್ಕಿನ ಒಳಗಿಳಿಯುವ ಡೈ ಹಾಕುತ್ತಾರೆ. ಅದಕ್ಕೆ ದಪ್ಪವಿಲ್ಲ, ಆದರೆ ತಿಳಿಬಣ್ಣವನ್ನು ಗಾಢ ಮಾಡಬಹುದೇ ಹೊರತು ಗಾಢವನ್ನು ತಿಳಿಯಾಗಿಸಲಾಗದು.

ಪ್ಲಾಸ್ಟಿಕ್ಕಿನ ಜಾತಿಯೂ ಗೊತ್ತಿರಬೇಕು. ಎಬಿಎಸ್ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ನುಣುಪಾದ ನೈಲಾನ್ ಭಾಗಗಳಿಂದ ಉಗುರು ತಾಗಿದರೂ ಏಳುತ್ತದೆ. ಮೆತ್ತನೆಯ ಪಿವಿಸಿ ಮೇಲೆ ಕೆಲವು ಎನಾಮೆಲ್‌ಗಳು ತಿಂಗಳಾದರೂ ಅಂಟಂಟು. ಪಾರದರ್ಶಕ ಕಿಟಕಿಗೆ ಗಡುಸು ದ್ರಾವಕ ತಾಗಿದರೆ ಬಿರುಕು. 1980ರ ದಶಕದ ಕೊನೆಯಿಂದ ಬಂದ, ಹೊನ್ನಿನ ಬಣ್ಣದ ಹೊಳಪಿನ ಹುಡಿ ಬೆರೆತ ಪ್ಲಾಸ್ಟಿಕ್ಕಿನ ಹಲವು ಆಟಿಕೆಗಳನ್ನಂತೂ ಕಳಚಲೇಬಾರದು: ಕಾಲ ಕಳೆದಂತೆ ಅವು ಹಪ್ಪಳದಂತೆ ಮುರಿಯುತ್ತವೆ.

2006ರ ಕ್ಲಾಸಿಕ್ಸ್ ಸರಣಿ ಹಳೆಯ ಪಾತ್ರಗಳನ್ನು ಹೊಸ ಅಚ್ಚಿನಲ್ಲಿ ತಂದ ಮೇಲೆ ಕಸ್ಟಮ್‌ಗಳಿಗೆ ಒಳ್ಳೆಯ ಮೈಕಟ್ಟು ಸಿಕ್ಕಿತು. ಅದೇ ದಶಕದ ಕೊನೆಗೆ ಫ್ಯಾನ್ಸ್‌ಪ್ರಾಜೆಕ್ಟ್ ಎಂಬ ಗುಂಪು ಹ್ಯಾಸ್ಬ್ರೋದ ಬಿಳಿ ಆಟಿಕೆ ಅಲ್ಟ್ರಾ ಮ್ಯಾಗ್ನಸ್‌ಗೆ ತೊಡಿಸುವ ಕವಚವನ್ನು ತಯಾರಿಸಿ ಮಾರಿತು. ಅಲ್ಲಿಂದ ಹವ್ಯಾಸದ ಒಂದು ಕವಲು ಪರವಾನಗಿಯಿಲ್ಲದ ಉದ್ಯಮವಾಯಿತು. 2007ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ ಶೇಪ್‌ವೇಸ್‌ನಂಥ 3ಡಿ ಮುದ್ರಣ ಸೇವೆಗಳಿಂದ ಪುಟ್ಟಿ ತಿದ್ದಲು ಬಾರದವರಿಗೂ ತಲೆಗಳು ದೊರೆತವು. ಆ ನೈಲಾನ್ ತಲೆಗಳ ಮೈ ಮಾತ್ರ ರವೆಯಂತೆ ಒರಟು, ಉಜ್ಜಿ ಉಜ್ಜಿ ಬೆರಳು ಸವೆಯಬೇಕು.

ಹವ್ಯಾಸಿಗಳ ನೆಚ್ಚಿನ ತಂತ್ರಗಳಲ್ಲೊಂದು ಆಟಿಕೆಯನ್ನು ಯುದ್ಧದಲ್ಲಿ ಸವೆದದ್ದಾಗಿ ಕಾಣಿಸುವುದು. ಅಂಚುಗಳಿಗೆ ಒಣಗುಂಚದಲ್ಲಿ ಬೆಳ್ಳಿ ಸವರುತ್ತಾರೆ, ಸಂದುಗಳಿಗೆ ನೀರಾದ ಕಪ್ಪು ಹರಿಸಿ ಒರೆಸುತ್ತಾರೆ. ಮುಂದೆ ಸೀಜ್ ಎಂಬ ಸರಣಿಯಲ್ಲಿ ಹ್ಯಾಸ್ಬ್ರೋ ಈ ಸವೆತವನ್ನು ಕಾರ್ಖಾನೆಯಲ್ಲೇ ಬಳಿದು ಕಳಿಸಿತು. ಕೊಂಡವರಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ. ಬಣ್ಣ ಹಚ್ಚುವ ಮೇಜಿನ ಮೇಲೆಯೇ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿ ಹಿಡಿದು, ಕಂಪನಿಯ ಬೆಳ್ಳಿಕಲೆಗಳನ್ನು ಒಂದೊಂದಾಗಿ ಅಳಿಸುತ್ತ ಕೂತರು.