ನಾಲಿಗೆ ಕ್ಯಾನ್ಸರ್: ಶಸ್ತ್ರಚಿಕಿತ್ಸೆಗೆ ಮುನ್ನ ಸ್ಕ್ಯಾನ್ ಹೇಳುವುದೇನು?

ನಾಲಿಗೆಯ ಕ್ಯಾನ್ಸರ್ ಹರಡತೊಡಗಿದಾಗ ಸಾಮಾನ್ಯವಾಗಿ ಮೊದಲು ತಲುಪುವುದು ಕುತ್ತಿಗೆಯ ದುಗ್ಧಗ್ರಂಥಿಗಳನ್ನು. ರೋಗಿ ಬದುಕುಳಿಯುವ ಸಾಧ್ಯತೆ ಬಹುಮಟ್ಟಿಗೆ ಈ ಗ್ರಂಥಿಗಳ ಸ್ಥಿತಿಯನ್ನೇ ಅವಲಂಬಿಸಿದೆ. ಕೈಗೆ ಯಾವ ಗಂಟೂ ಸಿಗದ ಆರಂಭಿಕ ಹಂತದಲ್ಲಿಯೂ ಸುಮಾರು ಶೇ 20ರಿಂದ 30ರಷ್ಟು ರೋಗಿಗಳ ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶಗಳು ಅಡಗಿರುತ್ತವೆ. ಈ ಅಪಾಯವನ್ನು ಮುಂಚಿತವಾಗಿ ಅಂದಾಜು ಮಾಡಲು ಸ್ಕ್ಯಾನ್‌ಗಳು ನೆರವಾಗುತ್ತವೆ.

ಆಳವೇ ಮುಖ್ಯ

ಗಡ್ಡೆಯ ಅಗಲದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಮಹತ್ವದ್ದು. ಆಳಕ್ಕಿಳಿದಂತೆ ಗಡ್ಡೆಗೆ ದುಗ್ಧನಾಳಗಳ ಸಂಪರ್ಕ ಹೆಚ್ಚುತ್ತದೆ. 2018ರಲ್ಲಿ ಜಾರಿಗೆ ಬಂದ ಹಂತ ನಿರ್ಣಯ ಕ್ರಮದಂತೆ, 2 ಸೆಂ.ಮೀ. ಮೀರದ ಗಡ್ಡೆಯೂ 5 ಮಿ.ಮೀ.ಗಿಂತ ಆಳವಾಗಿದ್ದರೆ ಅದನ್ನು 'ಟಿ-2' ಎಂದು ಪರಿಗಣಿಸಲಾಗುತ್ತದೆ. ಈ ಆಳವನ್ನು ಅಳೆಯಲು ಎಂಆರ್‌ಐ ಸೂಕ್ತ. ಆದರೆ ಸುತ್ತಲಿನ ಊತವೂ ಸೇರಿಕೊಳ್ಳುವುದರಿಂದ ಅಳತೆ ತುಸು ಹೆಚ್ಚಾಗಿ ಕಾಣುವುದುಂಟು.

ಗ್ರಂಥಿಯ ಲಕ್ಷಣಗಳು

ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್‌ಗಳಲ್ಲಿ ಗ್ರಂಥಿ ದುಂಡಗಾಗಿದ್ದರೆ, 10 ಮಿ.ಮೀ. ಮೀರಿದ್ದರೆ ಅಥವಾ ಮಧ್ಯಭಾಗ ಕೊಳೆತಂತೆ ಕಂಡರೆ ವೈದ್ಯರು ಅನುಮಾನಿಸುತ್ತಾರೆ. ಸೂಜಿಯಿಂದ ಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಪೆಟ್-ಸಿ.ಟಿ. ಸ್ಕ್ಯಾನ್ ಕೋಶಗಳ ಸಕ್ಕರೆ ಬಳಕೆಯನ್ನು ಗುರುತಿಸುತ್ತದೆ. ಆದರೆ ಕೆಲವೇ ಮಿ.ಮೀ. ಗಾತ್ರದ ರೋಗ ಇದರ ಕಣ್ಣಿಗೂ ಬೀಳದಿರಬಹುದು. ಹಲ್ಲಿನ ಸೋಂಕಿನಿಂದ ಊದಿಕೊಂಡ ಗ್ರಂಥಿಯನ್ನು ಕ್ಯಾನ್ಸರ್ ಎಂದು ಭ್ರಮಿಸುವ ಸಾಧ್ಯತೆಯೂ ಇದೆ.

ಕಾಯಬೇಕೇ, ತೆಗೆಯಬೇಕೇ?

ಸ್ಕ್ಯಾನ್ ಶುದ್ಧವಾಗಿದ್ದರೆ ಕುತ್ತಿಗೆಯನ್ನು ಮುಟ್ಟದೆ ಬಿಡಬಹುದೇ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ನೀಡಿತು. ಆರಂಭಿಕ ಹಂತದ ಬಾಯಿ ಕ್ಯಾನ್ಸರ್‌ನ 500 ರೋಗಿಗಳ ವಿಶ್ಲೇಷಣೆಯಲ್ಲಿ, ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷಗಳ ಬದುಕುಳಿಯುವಿಕೆ ಶೇ 80 ಇತ್ತು. ಗ್ರಂಥಿಗಳಲ್ಲಿ ರೋಗ ಕಾಣಿಸಿಕೊಂಡರೆ ಮಾತ್ರ ತೆಗೆಯುವ ಕ್ರಮ ಅನುಸರಿಸಿದ ಗುಂಪಿನಲ್ಲಿ ಅದು ಶೇ 67.5 ಮಾತ್ರ.

ಹಾಗೆಂದು ಎಲ್ಲರ ಗ್ರಂಥಿಗಳನ್ನೂ ತೆಗೆದರೆ, ರೋಗವಿಲ್ಲದವರೂ ಭುಜದ ನೋವು, ದೌರ್ಬಲ್ಯ ಅನುಭವಿಸಬೇಕಾಗುತ್ತದೆ. ಆದ್ದರಿಂದಲೇ ಗಡ್ಡೆಯ ಆಳ 3-4 ಮಿ.ಮೀ. ಮೀರಿದಾಗ ವೈದ್ಯರು ಸಾಮಾನ್ಯವಾಗಿ ಈ ಶಸ್ತ್ರಚಿಕಿತ್ಸೆಗೆ ಸಲಹೆ ನೀಡುತ್ತಾರೆ. ಸ್ಕ್ಯಾನ್ ಚಿತ್ರಗಳ ಸೂಕ್ಷ್ಮ ವಿನ್ಯಾಸಗಳನ್ನು ಕಂಪ್ಯೂಟರ್ ಮೂಲಕ ವಿಶ್ಲೇಷಿಸಿ ಅಪಾಯ ಅಂದಾಜಿಸುವ 'ರೇಡಿಯೋಮಿಕ್ಸ್' ವಿಧಾನದ ಬಗ್ಗೆ ಸಂಶೋಧನೆ ನಡೆದಿದೆ. ಆದರೂ ಅಂತಿಮ ತೀರ್ಪು ನೀಡುವುದು ತೆಗೆದ ಗ್ರಂಥಿಯ ಸೂಕ್ಷ್ಮದರ್ಶಕ ಪರೀಕ್ಷೆಯೇ.

ತಂಬಾಕು, ಅಡಿಕೆ ಜಗಿಯುವವರು ನಾಲಿಗೆಯ ಅಂಚಿನ ಹುಣ್ಣು ಎರಡು-ಮೂರು ವಾರಗಳಲ್ಲಿ ಮಾಯದಿದ್ದರೆ ನಿರ್ಲಕ್ಷಿಸದೆ ವೈದ್ಯರನ್ನು ಕಾಣುವುದು ಒಳಿತು.