ಕಾವಲಿನ ಜಾಲಿ, ತಿರುಗುವ ಅಲಗು: ಟ್ರ್ಯಾಕ್ಟರ್‌ನಿಂದ ಕುರುಚಲು ಸವರುವಾಗಿನ ಸುರಕ್ಷತೆ

ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಇಂದು ಹುಲ್ಲು ಬಯಲಿಲ್ಲ. ಕಾವಲು ಉಳಿದಿರುವುದು ಹೆಸರಿನಲ್ಲಿ ಮಾತ್ರ. ಕುದುರೆ ಸವಾರಿಗಿದ್ದ ‘ವೈಹಾಳಿ’ ಎಂಬ ಹಳೆಯ ಮಾತೇ ‘ವೈಯಾಲಿ’ ಆಗಿದೆ ಎಂದು ಓದಲು ಅವಕಾಶವಿದೆ. ಕಾವಲು ಎಂದರೆ ಮೇವಿಗೆಂದು ಕಾದಿರಿಸಿದ ನೆಲ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಆಯಿತು. ಅದರ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಲಾಗಿತ್ತು.

ಇಂಥ ಬಯಲುಗಳನ್ನು ಈಗ ಆಕ್ರಮಿಸುತ್ತಿರುವುದು ಮುಳ್ಳು. ಲಂಟಾನ 1807ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಬಳ್ಳಾರಿ ಜಾಲಿಯ ಬೀಜ 1877ರಲ್ಲಿ ಜಮೈಕಾದಿಂದ ಭಾರತಕ್ಕೆ ಬಂತು. ಜಾಲಿಯ ಸಿಹಿ ಕಾಯಿಯನ್ನು ದನ, ಕುರಿ, ಮೇಕೆಗಳು ತಿನ್ನುತ್ತವೆ. ಬೀಜ ಸಗಣಿ, ಹಿಕ್ಕೆಗಳೊಡನೆ ಹೊಸ ಜಾಗ ಸೇರುತ್ತದೆ. ಮೇಯಲು ಬಂದ ದನವೇ ತನ್ನ ಮೇವನ್ನು ಅಳಿಸುವ ಗಿಡವನ್ನು ಹರಡುತ್ತದೆ.

ಮಚ್ಚು, ಕೊಡಲಿಗಳಿಂದ ದಿನಗಟ್ಟಲೆ ನಡೆಯುವ ಸವರುವಿಕೆಯನ್ನು ಟ್ರ್ಯಾಕ್ಟರ್‌ನ ಹಿಂದೆ ಜೋಡಿಸುವ ರೋಟರಿ ಕಟರ್ ಬೇಗ ಮುಗಿಸುತ್ತದೆ. ಅದರ ಅಪಾಯವನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಟ್ರ್ಯಾಕ್ಟರ್‌ನ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಕಟರಿಗೆ ದಾಟಿಸುವ ಶಾಫ್ಟ್) ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಗೇರ್ ಬಾಕ್ಸ್ ಅದನ್ನು ನಿಮಿಷಕ್ಕೆ 900 ಸುತ್ತಿಗೆ ಏರಿಸಿತೆನ್ನಿ. ಒಂದೂವರೆ ಮೀಟರ್ ಅಗಲದ ಕಟರ್‌ನಲ್ಲಿ ಅಲಗಿನ ತುದಿಯ ವೇಗ ಗಂಟೆಗೆ ಸುಮಾರು 250 ಕಿ.ಮೀ. ಆಗುತ್ತದೆ.

ಆ ವೇಗದ ದಾರಿಯಲ್ಲಿ ಒಂದು ಬಾಂದು ಕಲ್ಲು ಇದ್ದರೆ? ಲಂಟಾನದ ಪೊದೆಯೊಳಗೆ ಅದು ಕಣ್ಣಿಗೆ ಬೀಳುವುದಿಲ್ಲ. ಬೋಲ್ಟಿನ ಮೇಲೆ ತೂಗುವ ಅಲಗು ಕಲ್ಲಿಗೆ ಬಡಿದೊಡನೆ ಹಿಂದಕ್ಕೆ ಮಡಚಿಕೊಂಡು ಗೇರ್ ಬಾಕ್ಸನ್ನು ಉಳಿಸುತ್ತದೆ. ಆದರೆ ಸಿಡಿದ ಚೂರನ್ನು ಅದು ತಡೆಯಲಾರದು. 300 ಅಡಿಯೊಳಗೆ ಯಾರೂ ಇರಬಾರದೆಂದು ತಯಾರಕರ ಕೈಪಿಡಿಗಳು ಎಚ್ಚರಿಸುವುದು ಇದಕ್ಕೇ. ಕಟರ್‌ನ ಹಿಂದೆ ಮುಂದೆ ತೂಗುವ ಸರಪಳಿಯ ಪರದೆ ಇಲ್ಲದೆ ಎಂಜಿನ್ ಚಾಲೂ ಮಾಡಲೇಬಾರದು.

ಹಾಗಾಗಿ ಕೆಲಸದ ಮೊದಲ ಹಂತ ಕಾಲ್ನಡಿಗೆಯದು. ಇಬ್ಬರು ಕೋಲು ಹಿಡಿದು ಪೊದೆ ಸರಿಸುತ್ತ ನಡೆದು ಬಾಂದು ಕಲ್ಲು, ಹುತ್ತ, ಹಾಳುಬಾವಿ, ಕಳಚಿ ಬಿದ್ದ ಮುಳ್ಳುತಂತಿ ಕಂಡಲ್ಲೆಲ್ಲ ಕೆಂಪು ಬಟ್ಟೆ ಕಟ್ಟಬೇಕು. ಈ ಓಡಾಟಕ್ಕೆ ದನಗಾಹಿಗಿಂತ ಒಳ್ಳೆಯ ಜೊತೆಗಾರನಿಲ್ಲ. ಯಾವ ಪೊದೆಯ ಕೆಳಗೆ ಏನಿದೆಯೆಂದು ಅವನಿಗೆ ಗೊತ್ತು. ನೆಲದಲ್ಲಿ ಗೂಡು ಕಟ್ಟುವ ಟಿಟ್ಟಿಭ, ಕೌಜುಗಗಳ ಮೊಟ್ಟೆ ಕಂಡರೆ ಆ ಭಾಗವನ್ನು ಬಿಟ್ಟು ಮುಂದುವರಿಯಬೇಕು.

ಎರಡನೆಯ ಅಪಾಯ ಪಿಟಿಒ ಶಾಫ್ಟಿನದು. ಪಂಚೆಯ ಅಂಚೋ ಹೆಗಲ ಟವೆಲ್ಲೋ ಅದಕ್ಕೆ ಸಿಕ್ಕಿದರೆ, ಅರ್ಧ ಸೆಕೆಂಡಿನಲ್ಲಿ ನಾಲ್ಕೂವರೆ ಸುತ್ತು ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಕೈ ಏಳುವಷ್ಟರಲ್ಲಿ ಮೈಯೇ ಶಾಫ್ಟಿನ ಬಳಿ ಇರುತ್ತದೆ. ಶಾಫ್ಟಿನ ಕವಚ ಒಡೆದಿದ್ದರೆ ಆ ದಿನ ಕೆಲಸ ಬೇಡ. ಅಲಗಿಗೆ ಸಿಕ್ಕಿಕೊಂಡ ಬಳ್ಳಿ ತೆಗೆಯಬೇಕಾದರೆ ಪಿಟಿಒ ಬಿಡಿಸಿ, ಕಟರನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಅಲಗು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಅಡಿಯಲ್ಲಿ ಕೈಯಿಡಬೇಕಾದರೆ ಕಟರನ್ನು ಎತ್ತಿ ಗಟ್ಟಿಯಾದ ಆಸರೆ ಕೊಡಬೇಕು, ಹೈಡ್ರಾಲಿಕ್ಕನ್ನೇ ನಂಬಬಾರದು.

ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ನೋವು 1983ರ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಕಾಯ್ದೆಗೆ ಕಾರಣವಾಯಿತು. ಬಾಡಿಗೆಗೆ ಊರೂರು ಸುತ್ತುವ ಕಟರ್‌ಗಳಿಗೂ ಅಷ್ಟೇ ಗಂಭೀರ ಗಮನ ಸಲ್ಲಬೇಕು.

ಇಷ್ಟೆಲ್ಲ ಎಚ್ಚರದಿಂದ ಸವರಿದರೂ ಕೆಲಸ ಅರ್ಧವಷ್ಟೇ ಆಗಿರುತ್ತದೆ. ನೆಲಮಟ್ಟದಲ್ಲಿ ಕತ್ತರಿಸಿದ ಜಾಲಿ, ಲಂಟಾನಗಳೆರಡೂ ಬುಡದಿಂದ ಮತ್ತೆ ಚಿಗುರುತ್ತವೆ. ಒಂದು ಕಾಂಡವಿದ್ದಲ್ಲಿ ಹಲವು ಏಳುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಲಂಟಾನಕ್ಕೆ ರೂಪಿಸಿದ ಕ್ರಮ ಇಲ್ಲಿ ನೆರವಾಗುತ್ತದೆ: ತಾಯಿಬೇರನ್ನು ಮಣ್ಣಿನೊಳಗೆ ಕೆಲವು ಸೆಂಟಿಮೀಟರ್ ಆಳದಲ್ಲಿ ಕತ್ತರಿಸಿ, ಬುಡವನ್ನು ಎತ್ತಿ ತಲೆಕೆಳಗಾಗಿಸುವುದು. ಕಟರ್ ಹೊರಟ ಮೇಲೆ ಚೂಪಾಗಿ ನಿಂತ ಕೂಳೆಗಳು ಟೈರಿಗೂ ದನದ ಗೊರಸಿಗೂ ಕಂಟಕ. ಅವನ್ನೂ ಅಗೆದು ತೆಗೆಯಬೇಕು. ಕಾವಲನ್ನು ಸವರಿಸುವ ಗುತ್ತಿಗೆಯಲ್ಲಿ ಟ್ರ್ಯಾಕ್ಟರ್ ಬಾಡಿಗೆಯ ಜೊತೆಗೆ ಮುಂಚಿನ ಕಾಲ್ನಡಿಗೆಯ ಕೂಲಿಯನ್ನೂ, ಮೊದಲ ಮಳೆಯ ಬಳಿಕ ಗುದ್ದಲಿ ಹಿಡಿದು ಚಿಗುರಿನ ಬುಡ ಕೀಳುವವರ ಕೂಲಿಯನ್ನೂ ಸೇರಿಸುವುದು ಅಗತ್ಯ.